ನಿಂಬೆ ಗಿಡದ ಹುಳ ಉಳಿದರೆ ಚಿಟ್ಟೆ ಸಿಗುತ್ತದೆ

ಪ್ರಶ್ನೆ: ಮನೆ ಮುಂದೆ 20 ಅಡಿ ಉದ್ದ, 10 ಅಡಿ ಅಗಲದ ಜಾಗ ಇದೆ. ಎರಡು ವರ್ಷದಿಂದ ಗುಲಾಬಿ, ಚೆಂಡು ಹೂ, ಸೇವಂತಿಗೆ ಬೆಳೆಸುತ್ತಿದ್ದೇನೆ. ಹೂ ಚೆನ್ನಾಗಿಯೇ ಬಿಡುತ್ತವೆ. ಆದರೆ ಜೇನುನೊಣವಾಗಲಿ ಚಿಟ್ಟೆಯಾಗಲಿ ಹೂವಿನ ಮೇಲೆ ಕೂರುವುದನ್ನು ನೋಡಿದ್ದೇ ಅಪರೂಪ. ಮೂಲೆಯಲ್ಲಿ ಒಂದು ನಿಂಬೆ ಗಿಡ ಇದೆ. ಅದಕ್ಕೆ ಯಾವಾಗಲೂ ಹುಳದ ಕಾಟ. ಹಾಗಾಗಿ ತಿಂಗಳಿಗೊಮ್ಮೆ ಎಲ್ಲ ಗಿಡಕ್ಕೂ ಔಷಧಿ ಹೊಡೆಯುತ್ತೇನೆ. ಯಾವ ಹೂವಿನ ಗಿಡ ಹಾಕಿದರೆ ಜೇನು, ಚಿಟ್ಟೆ ಬರುತ್ತವೆ? ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ. ಜೇನು ಬಂದರೆ ಕಚ್ಚೀತು ಎಂಬ ಭಯವೂ ಇದೆ.

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ಮೊದಲು ನಿಂತಿದ್ದು ನಿಂಬೆ ಗಿಡದ ಮೇಲೆ. ಚಿಟ್ಟೆ ಬರುವುದಿಲ್ಲ ಎಂದಿದ್ದೀರಿ. ಆದರೆ ಬರುತ್ತಿವೆ. ಬಂದು ಮೊಟ್ಟೆ ಇಟ್ಟು ಹೋಗುತ್ತಿವೆ. ನಿಂಬೆ ಎಲೆ ತಿನ್ನುವ ಆ ಹುಳ ಬಹುಮಟ್ಟಿಗೆ ನಿಂಬೆ ಚಿಟ್ಟೆಯ ಮರಿಯೇ. ತಿಂಗಳಿಗೊಮ್ಮೆ ಔಷಧಿ ಹೊಡೆದಾಗ ಸಾಯುತ್ತಿರುವುದು ನೀವು ಕಾಯುತ್ತಿರುವ ಚಿಟ್ಟೆಗಳೇ. ಗೊತ್ತಿಲ್ಲದೆ ಆಗಿರುವುದು, ಬೇಸರ ಬೇಡ. ಬಹಳ ಜನರ ತೋಟದಲ್ಲಿ ಇದೇ ನಡೆಯುತ್ತಿದೆ.

ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ನಿಂಬೆ ಗಿಡದ ಎಳೆ ಕುಡಿಗಳನ್ನು ಒಂದೊಂದಾಗಿ ಹತ್ತಿರದಿಂದ ನೋಡಿ. ಸಾಸಿವೆ ಕಾಳಿಗಿಂತ ಚಿಕ್ಕದಾದ, ತಿಳಿ ಹಳದಿ ಬಣ್ಣದ ದುಂಡನೆಯ ಮೊಟ್ಟೆ ಸಿಗಬಹುದು, ಒಂದು ಕಡೆ ಒಂದೇ. ಪಕ್ಕದ ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಾಣುವ ಕಂದು ಬಿಳಿ ಬಣ್ಣದ ಏನೋ ಒಂದು ಇದ್ದರೆ ಒರೆಸಬೇಡಿ. ಅದೇ ಮರಿ. ಹಕ್ಕಿಗಳು ತಿನ್ನದಿರಲಿ ಎಂದು ಈ ವೇಷ. ಸ್ವಲ್ಪ ದೊಡ್ಡದಾದ ಮೇಲೆ ಕೊನೆಯ ಸಲ ಪೊರೆ ಕಳಚಿ ಹಸಿರಾಗುತ್ತದೆ, ನಿಂಬೆ ಎಲೆಯ ಬಣ್ಣವೇ. ಆಗ ಕಡ್ಡಿಯಿಂದ ಮೆಲ್ಲಗೆ ತಾಕಿಸಿದರೆ ತಲೆಯ ಹಿಂದಿನಿಂದ ಕೆಂಪು ಕಿತ್ತಳೆ ಬಣ್ಣದ ಕವಲು ಕೊಂಬನ್ನು ಚಾಚುತ್ತದೆ. ಘಾಟು ವಾಸನೆ ಬರುತ್ತದೆ. ಇರುವೆ, ಕಣಜ ದೂರ ಇರಲಿ ಎಂದು ಅದು ಮಾಡುವ ಉಪಾಯ ಇದು. ಮನುಷ್ಯರಿಗೆ ಏನೂ ಆಗುವುದಿಲ್ಲ. ಮಗಳಿಗೆ ತಪ್ಪದೆ ತೋರಿಸಿ.

ಹೀಗಾಗಿ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಬೇಕು. ಚಿಟ್ಟೆಗೆ ಯಾವ ಹೂ ಬೇಕು ಎನ್ನುವುದಕ್ಕಿಂತ ಮೊದಲು ಅದರ ಮರಿಗೆ ಯಾವ ಎಲೆ ಬೇಕು ಎಂದು ಕೇಳಬೇಕು. ಮಕರಂದಕ್ಕೆ ಚಿಟ್ಟೆ ಹತ್ತಾರು ಬಗೆಯ ಹೂವಿಗೆ ಹೋಗುತ್ತದೆ, ಅದರಲ್ಲಿ ಹಟವಿಲ್ಲ. ಮರಿಯ ವಿಷಯದಲ್ಲಿ ಮಾತ್ರ ಬಲು ಹಟ. ಪ್ರತಿಯೊಂದು ಗಿಡವೂ ತನ್ನ ಎಲೆಯನ್ನು ಯಾರೂ ತಿನ್ನದಿರಲಿ ಎಂದು ಒಂದಲ್ಲ ಒಂದು ಕಹಿ, ಘಾಟು ಅಥವಾ ವಿಷ ಇಟ್ಟುಕೊಂಡಿರುತ್ತದೆ. ಅದನ್ನು ಅರಗಿಸಿಕೊಳ್ಳುವ ಶಕ್ತಿ ಒಂದೊಂದು ಜಾತಿಯ ಮರಿಗೂ ಕೆಲವೇ ಗಿಡಗಳ ಮಟ್ಟಿಗೆ ಇರುತ್ತದೆ. ತಾಯಿ ಚಿಟ್ಟೆಗೆ ಇದು ಗೊತ್ತು. ಎಲೆಯ ಮೇಲೆ ಕೂತು ಮುಂಗಾಲಿನಿಂದ ಪಟಪಟ ತಟ್ಟುತ್ತದೆ, ನೋಡಿರಬಹುದು. ಚಿಟ್ಟೆಗೆ ರುಚಿ ತಿಳಿಯುವ ಅಂಗ ಕಾಲಿನಲ್ಲೂ ಇದೆ. ಸರಿಯಾದ ಗಿಡ ಎಂದು ಖಾತ್ರಿಯಾದರೆ ಮಾತ್ರ ಮೊಟ್ಟೆ. ಇಲ್ಲದಿದ್ದರೆ ನಿಮ್ಮ ತೋಟದಲ್ಲಿ ಎಷ್ಟೇ ಹೂವಿದ್ದರೂ ಒಂದು ಗುಟುಕು ಕುಡಿದು ಮುಂದೆ ಹೋಗುತ್ತದೆ.

ಎಲೆಗಾಗಿ ಹಾಕುವ ಗಿಡಗಳಲ್ಲಿ ನಿಂಬೆ ನಿಮ್ಮಲ್ಲಿ ಆಗಲೇ ಇದೆ. ಪಕ್ಕದಲ್ಲಿ ಒಂದು ಕರಿಬೇವು ಹಾಕಿ. ಕಾಮನ್ ಮಾರ್ಮನ್ ಎನ್ನುವ ಕಪ್ಪು ಚಿಟ್ಟೆ ಎರಡರಲ್ಲೂ ಮೊಟ್ಟೆ ಇಡುತ್ತದೆ. ಎಕ್ಕದ ಗಿಡಕ್ಕೆ ಪ್ಲೇನ್ ಟೈಗರ್ ಬರುತ್ತದೆ, ಕಿತ್ತಳೆ ಬಣ್ಣದ ರೆಕ್ಕೆ, ತುದಿಯಲ್ಲಿ ಕಪ್ಪು ಬಿಳಿ. ಇದರ ಮರಿ ಎಕ್ಕದ ಹಾಲಿನಲ್ಲಿರುವ ವಿಷವನ್ನು ಮೈಯಲ್ಲೇ ಕೂಡಿಸಿಟ್ಟುಕೊಳ್ಳುತ್ತದೆ. ಚಿಟ್ಟೆಯಾದ ಮೇಲೂ ಆ ವಿಷ ಉಳಿಯುವುದರಿಂದ ಹಕ್ಕಿಗಳು ಅದರ ತಂಟೆಗೆ ಹೋಗುವುದಿಲ್ಲ. ಅದಕ್ಕೇ ಅದು ಅಷ್ಟು ನಿಧಾನವಾಗಿ, ಆರಾಮಾಗಿ ಹಾರುವುದು. ಆದರೆ ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ತುಂಬಾ ಅಪಾಯ. ಮಗು ಓಡಾಡುವ ಜಾಗ, ಹಾಗಾಗಿ ಸದ್ಯಕ್ಕೆ ಎಕ್ಕ ಬೇಡ. ಕಣಗಿಲೆಗೆ ಕಾಮನ್ ಕ್ರೋ ಚಿಟ್ಟೆ ಬರುತ್ತದೆ, ಅದರ ಕೋಶ, ಎಂದರೆ ಮರಿ ಒಳಗಿದ್ದು ಚಿಟ್ಟೆಯಾಗುವ ಚಿಪ್ಪು, ಬೆಳ್ಳಿ ಲೇಪ ಮಾಡಿದ ಹಾಗೆ ಹೊಳೆಯುತ್ತದೆ. ಆದರೆ ಕಣಗಿಲೆಯ ಎಲೆ, ಕಾಂಡ, ಹೂ ಎಲ್ಲವೂ ವಿಷ. ಮಗಳು ದೊಡ್ಡವಳಾದ ಮೇಲೆ ಇವೆರಡರ ಬಗ್ಗೆ ಯೋಚಿಸಬಹುದು.

ಮರ ಬೆಳೆಸುವಷ್ಟು ಜಾಗ ಇರುವವರಿಗೆ ಕಕ್ಕೆ, ಸಂಪಿಗೆ, ಕಂಬದ ಹಾಗೆ ನೆಟ್ಟಗೆ ಬೆಳೆಯುವ ಅಶೋಕ ಒಳ್ಳೆಯ ಆಯ್ಕೆ. ನಿಮ್ಮ ಜಾಗಕ್ಕೆ ಅವು ದೊಡ್ಡವಾಗುತ್ತವೆ. ಬದಲಿಗೆ ಬೇಲಿಗೆ ಒಂದು ಪ್ಯಾಶನ್ ಫ್ರೂಟ್ ಬಳ್ಳಿ ಹಬ್ಬಿಸಿ, ಟಾನಿ ಕೋಸ್ಟರ್ ಎನ್ನುವ ಕಿತ್ತಳೆ ಬಣ್ಣದ ಚಿಟ್ಟೆ ಅದರ ಎಲೆ ಹುಡುಕಿಕೊಂಡು ಬರುತ್ತದೆ. ಇನ್ನೊಂದು ಮಾತು. ತೋಟದ ಅಂಚಿನಲ್ಲಿ ಮೂರು ಎಲೆಯ ಹುಳಿಸೊಪ್ಪು ತಾನಾಗಿ ಹುಟ್ಟಿರುತ್ತದಲ್ಲ, ಅದನ್ನು ಕಳೆ ಅಂತ ಪೂರ್ತಿ ಕೀಳಬೇಡಿ. ಬೆರಳಿನ ಉಗುರಿನಷ್ಟೇ ಇರುವ ಪೇಲ್ ಗ್ರಾಸ್ ಬ್ಲೂ ಎಂಬ ಪುಟ್ಟ ನೀಲಿ ಚಿಟ್ಟೆಯ ಮರಿಗೆ ಅದೇ ಮನೆ. ದುಡ್ಡು ಕೊಟ್ಟು ತರುವ ಅದೆಷ್ಟೋ ಗಿಡಗಳಿಗಿಂತ ಈ ಒಂದು ಹಿಡಿ ಸೊಪ್ಪು ಚಿಟ್ಟೆಗಳಿಗೆ ಜಾಸ್ತಿ ಉಪಯೋಗ.

ಇನ್ನು ಹೂವಿನ ವಿಷಯ. ನಿಮ್ಮ ಹೂಗಳಲ್ಲಿ ಜೇನು ಕೂರದೇ ಇರುವುದಕ್ಕೆ ಔಷಧಿ ಒಂದು ಕಾರಣ. ಎರಡನೆಯದು ನೀವು ಆರಿಸಿದ ತಳಿಗಳು. ಗುಲಾಬಿಯಲ್ಲೂ ಚೆಂಡು ಹೂವಿನಲ್ಲೂ ನಾವು ತುಂಬಿದ ಹೂ ಇಷ್ಟಪಡುತ್ತೇವೆ, ಸುತ್ತಿನ ಮೇಲೆ ಸುತ್ತು ಎಸಳು. ಗುಲಾಬಿಯ ಆ ಹೆಚ್ಚಿನ ಎಸಳುಗಳು ಬಂದಿದ್ದು ಕೇಸರಗಳಿಂದ. ಪರಾಗ ಕೊಡಬೇಕಿದ್ದ ಕೇಸರಗಳು ತಳಿ ಬೆಳೆಸುವವರ ಕೈಯಲ್ಲಿ ಎಸಳಾಗಿ ಬದಲಾದವು. ಪರಾಗ ಕಡಿಮೆಯಾಯಿತು. ಇದ್ದಷ್ಟು ಮಕರಂದಕ್ಕೂ ದಾರಿ ಮುಚ್ಚಿತು. ಜೇನುನೊಣ ಒಂದು ಸಲ ಬಂದು ನೋಡುತ್ತದೆ, ಏನೂ ಸಿಗದಿದ್ದರೆ ಆ ಕಡೆ ತಲೆ ಹಾಕುವುದಿಲ್ಲ. ಒಂದು ಸುತ್ತಿನ ಎಸಳು, ನಡುವೆ ಹಳದಿ ಕೇಸರ ಎದ್ದು ಕಾಣುವ ಹೂ, ಇದೇ ನಿಮ್ಮ ಅಳತೆಗೋಲು. ನರ್ಸರಿಯಲ್ಲಿ ನಿಂತು ಗೊಂದಲವಾದರೆ ಹೂವಿನ ನಡುವನ್ನು ಬೆರಳಿನಿಂದ ಮುಟ್ಟಿ ನೋಡಿ. ಪರಾಗ ಬೆರಳಿಗೆ ಅಂಟಿದರೆ ಆ ಗಿಡ ಮನೆಗೆ ಬರಲಿ.

ಸೂರ್ಯಕಾಂತಿಯನ್ನೇ ತೆಗೆದುಕೊಳ್ಳಿ. ಒಂದು ಹೂ ಎಂದು ನಾವು ಕರೆಯುವುದು ನಿಜವಾಗಿ ನೂರಾರು ಪುಟ್ಟ ಹೂಗಳ ತಟ್ಟೆ. ಅಂಚಿನ ಹೂಗಳು ಮೊದಲು ಅರಳುತ್ತವೆ. ಮಾರನೆಯ ದಿನ ಅದರ ಒಳಗಿನ ಸುತ್ತು, ಆಮೇಲೆ ಅದರ ಒಳಗಿನದು. ಹೀಗೆ ಒಂದೇ ತಟ್ಟೆ ವಾರದವರೆಗೂ ಪರಾಗ, ಮಕರಂದ ಕೊಡುತ್ತದೆ. ಬೆಳಿಗ್ಗೆ ಎಂಟು ಗಂಟೆಗೆ ಪಕ್ಕದಲ್ಲಿ ನಿಂತು ನೋಡಿ. ಜೇನುನೊಣ ಹೆಚ್ಚಾಗಿ ಹೊಸದಾಗಿ ಅರಳಿದ ಸುತ್ತುಗಳ ಮೇಲೆ ಗಾಣದ ಎತ್ತಿನ ಹಾಗೆ ಸುತ್ತುತ್ತಿರುತ್ತದೆ. ನಡುವಿನ ಮೊಗ್ಗಿಗೆ ಹೋಗುವುದಿಲ್ಲ. ಕಾಸ್ಮಾಸ್, ಒಂದು ಸುತ್ತಿನ ಜಿನ್ನಿಯಾ, ಒಂದು ಸುತ್ತಿನ ಡೇರೆ ಇದೇ ಬಗೆಯವು. ಜಿನ್ನಿಯಾ ಬೀಜದಿಂದ ಸಲೀಸಾಗಿ ಬರುತ್ತದೆ, ಸುಮಾರು ಎರಡು ತಿಂಗಳಲ್ಲಿ ಹೂ. ಚಿಟ್ಟೆಗೆ ಕೂತು ಕುಡಿಯಲು ಒಳ್ಳೆಯ ಜಗಲಿ.

ಜೇನು ಮತ್ತು ಚಿಟ್ಟೆ ಎರಡಕ್ಕೂ ಒಂದೇ ಹೂ ಇಷ್ಟವಾಗಬೇಕೆಂದಿಲ್ಲ. ಜೇನುನೊಣಕ್ಕೆ ಬಣ್ಣ ಕಾಣುತ್ತದೆ ಎಂದು ಕಾರ್ಲ್ ಫಾನ್ ಫ್ರಿಷ್ ಎಂಬ ವಿಜ್ಞಾನಿ ಪ್ರಯೋಗ ಮಾಡಿ ತೋರಿಸಿದರು. ಬೂದು ಬಣ್ಣದ ಹಲವು ಕಾರ್ಡ್‌ಗಳ ನಡುವೆ ಒಂದು ನೀಲಿ ಕಾರ್ಡ್ ಇಟ್ಟು, ಅದರ ಮೇಲೆ ಸಕ್ಕರೆ ನೀರಿಟ್ಟು ಅಭ್ಯಾಸ ಮಾಡಿಸಿದರು. ಆಮೇಲೆ ಸಕ್ಕರೆ ನೀರು ಇಲ್ಲದಿದ್ದರೂ ಅವು ನೀಲಿಯನ್ನೇ ಹುಡುಕಿಕೊಂಡು ಬಂದವು. ಕೆಂಪು ಕಾರ್ಡ್ ಇಟ್ಟಾಗ ಕಡು ಬೂದು ಬಣ್ಣದ ಜೊತೆ ಗುರುತು ತಪ್ಪಿದವು. ಜೇನಿನ ವರ್ತನೆಯ ಮೇಲೆ ಅವರು ಮಾಡಿದ ಕೆಲಸಕ್ಕೆ 1973ರಲ್ಲಿ ನೊಬೆಲ್ ಬಂತು. ನಮಗೆ ಇದರಿಂದ ತಿಳಿಯಬೇಕಾದದ್ದು ಇಷ್ಟು: ಜೇನಿಗೆ ನೀಲಿ, ನೇರಳೆ, ಹಳದಿ, ಬಿಳಿ ಹೂ ಇರಲಿ. ಚಿಟ್ಟೆಗಳಲ್ಲಿ ಅನೇಕಕ್ಕೆ ಕೆಂಪೂ ಚೆನ್ನಾಗಿ ಕಾಣುತ್ತದೆ. ಅವಕ್ಕೆ ಉದ್ದ ಸೊಂಡಿಲು ಬೇರೆ ಇರುವುದರಿಂದ ಕೊಳವೆಯಂಥ ಹೂಗಳ ಆಳಕ್ಕೂ ಇಳಿಸಿ ಕುಡಿಯುತ್ತವೆ. ಕೆಂಪು ಕೇಪಳ, ಪೆಂಟಾಸ್, ರಥಪುಷ್ಪ ಹಾಕಿದರೆ ದೊಡ್ಡ ಕಪ್ಪು ಚಿಟ್ಟೆಗಳು ಬರುತ್ತವೆ. ನಿಮ್ಮ ಜಾಗಕ್ಕೆ ಒಂದು ಕೇಪಳ, ನಾಲ್ಕೈದು ಪೆಂಟಾಸ್ ಸಾಕು.

ಜೇನಿಗೆ ಒಂದೇ ಒಂದು ಗಿಡ ಹೇಳಿ ಎಂದರೆ ನಾನು ತುಳಸಿ ಎನ್ನುತ್ತೇನೆ. ಕಾಮಕಸ್ತೂರಿಯೂ ಆಗಬಹುದು. ಆದರೆ ಕದಿರು ಬಂದ ಕೂಡಲೇ ಚಿವುಟಿ ಹಾಕುವ ಅಭ್ಯಾಸ ಬಿಡಬೇಕು. ನಾಲ್ಕು ಗಿಡ ಇದ್ದರೆ ಎರಡನ್ನು ಚಿವುಟಿ, ಎರಡನ್ನು ಹೂವಿಗೆ ಬಿಡಿ. ಹತ್ತು ಹದಿನೈದು ದಿನ ಆದ ಮೇಲೆ ಅದಲು ಬದಲು ಮಾಡಿ. ತಿಂಗಳುಗಟ್ಟಲೆ ಹೂ ತಪ್ಪುವುದಿಲ್ಲ. ಕೊತ್ತಂಬರಿ, ಸಬ್ಬಸಿಗೆ, ಮೂಲಂಗಿಯಲ್ಲೂ ಒಂದೆರಡು ಗಿಡವನ್ನು ಕೀಳದೆ ಹೂವಿಗೆ ಬಿಡಿ. ಮಳೆ ಬಿದ್ದ ಮೇಲೆ ತಾನಾಗಿ ಏಳುವ ತುಂಬೆ ಗಿಡವನ್ನು ಯಾರಾದರೂ ಕಿತ್ತರೆ ನನಗೆ ಸಂಕಟವಾಗುತ್ತದೆ. ಆ ಪುಟ್ಟ ಬಿಳಿ ಹೂವಿಗೆ ಜೇನೂ ಬರುತ್ತದೆ, ಚಿಟ್ಟೆಯೂ ಬರುತ್ತದೆ.

ಗಿಡಗಳನ್ನು ಒಂದೊಂದು ಬಗೆಯದು ಒಂದೊಂದರಂತೆ ಚೆಲ್ಲಾಪಿಲ್ಲಿ ನೆಡಬೇಡಿ. ಒಂದು ಬಗೆಯದನ್ನು ಕಡಿಮೆ ಎಂದರೆ ಮೂರು ಅಡಿ ಉದ್ದ ಮೂರು ಅಡಿ ಅಗಲದ ಗುಂಪಾಗಿ ನೆಡಿ. ಜೇನುನೊಣ ಗೂಡಿನಿಂದ ಒಂದು ಸಲ ಹೊರಟರೆ ಸಾಮಾನ್ಯವಾಗಿ ಒಂದೇ ಜಾತಿಯ ಹೂವನ್ನು ಹುಡುಕುತ್ತಾ ಹೋಗುತ್ತದೆ. ಒಂದೇ ಕಡೆ ಐವತ್ತು ಹೂ ಸಿಕ್ಕರೆ ಅದಕ್ಕೆ ಲಾಭ, ಮತ್ತೆ ಮತ್ತೆ ಬರುತ್ತದೆ. ಒಂದೇ ಒಂದು ಗಿಡಕ್ಕಾಗಿ ಅಷ್ಟು ದೂರ ಬರುವುದು ಅದಕ್ಕೆ ಪೂರೈಸುವುದಿಲ್ಲ. ಬಿಸಿಲು ದಿನಕ್ಕೆ ಐದಾರು ಗಂಟೆಯಾದರೂ ಬೀಳುವ ಜಾಗ ಆಗಬೇಕು. ಚಿಟ್ಟೆಗೆ ಮೈ ಕಾಯದೆ ಹಾರಲು ಆಗುವುದಿಲ್ಲ. ಬೆಳಗಿನ ಹೊತ್ತು ರೆಕ್ಕೆ ಬಿಚ್ಚಿ ಸುಮ್ನೆ ಕೂತಿರುವುದು ಅದಕ್ಕೇ. ಒಂದು ಚಪ್ಪಟೆ ಕಲ್ಲನ್ನು ಬೆಳಗಿನ ಬಿಸಿಲು ಬೀಳುವ ಕಡೆ ಇಟ್ಟರೆ ಅಲ್ಲೇ ಬಂದು ಕೂರುತ್ತವೆ.

ಜೇನು ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಗೂಡು, ತುಪ್ಪ, ಹಿಂಡು. ಆದರೆ ಜಗತ್ತಿನಲ್ಲಿ 20,000ಕ್ಕೂ ಹೆಚ್ಚು ಜಾತಿಯ ಜೇನುಗಳಿವೆ. ಹೆಚ್ಚಿನವು ಒಂಟಿಯಾಗಿ ಬದುಕುತ್ತವೆ. ಅವಕ್ಕೆ ರಾಣಿ ಇಲ್ಲ, ಹಿಂಡಿಲ್ಲ, ತುಪ್ಪ ಕೂಡಿಡುವುದಿಲ್ಲ. ಒಂದು ಹೆಣ್ಣು ಒಂದು ಬಿಲ ಅಥವಾ ಒಂದು ಟೊಳ್ಳು ಕಡ್ಡಿ ಹುಡುಕಿ, ಪರಾಗದ ಉಂಡೆ ಕಟ್ಟಿ, ಮೇಲೊಂದು ಮೊಟ್ಟೆ ಇಟ್ಟು ಮುಚ್ಚುತ್ತದೆ. ನಿಮ್ಮ ಗುಲಾಬಿ ಎಲೆಯ ಅಂಚಿನಲ್ಲಿ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನುಣುಪಾದ ಅರ್ಧ ಚಂದ್ರ ಕಂಡಿದ್ದರೆ ಅದು ರೋಗವಲ್ಲ. ಎಲೆ ಕತ್ತರಿಸುವ ಜೇನು ತನ್ನ ಮರಿಯ ಕೋಣೆಗೆ ಹಾಸಲು ತೆಗೆದುಕೊಂಡು ಹೋಗಿದೆ. ಗಿಡಕ್ಕೆ ಅದರಿಂದ ನಷ್ಟವಿಲ್ಲ.

ಇನ್ನೊಂದು, ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಜೇನು. ಎರಡು ಬದನೆ ಗಿಡ ಹಾಕಿ, ಬರುತ್ತದೆ. ಬದನೆ ಹೂವಿನಲ್ಲಿ ಮಕರಂದವಿಲ್ಲ. ಪರಾಗವಿದೆ, ಅದೂ ಉಪ್ಪಿನ ಡಬ್ಬಿಯ ತೂತಿನಂಥ ಸಣ್ಣ ಬಾಯಿಯ ಒಳಗೆ. ಗೂಡು ಕಟ್ಟುವ ಜೇನಿಗೆ ಅದನ್ನು ಅಲ್ಲಾಡಿಸಿ ತೆಗೆಯಲು ಬರುವುದಿಲ್ಲ. ಈ ನೀಲಿ ಪಟ್ಟೆಯದು ಹೂವನ್ನು ಅಪ್ಪಿ ಹಿಡಿದು ಮೈಯನ್ನು ಗುಂಯ್ ಎಂದು ನಡುಗಿಸುತ್ತದೆ. ಹಾರುವಾಗಿನ ಸದ್ದಿಗಿಂತ ಗಟ್ಟಿಯಾದ, ಬೇರೆಯೇ ಶ್ರುತಿಯ ಸದ್ದು. ಪರಾಗ ಪುಡಿಯಾಗಿ ಅದರ ಹೊಟ್ಟೆಯ ಮೇಲೆ ಉದುರುತ್ತದೆ. ಟೊಮೇಟೊ ಹೂವಿನಲ್ಲೂ ಹೀಗೆಯೇ. ಸಂಜೆ ಹೊತ್ತಾದ ಮೇಲೆ ಇದರ ಗಂಡುಗಳು ಒಣ ಕಡ್ಡಿಯೊಂದನ್ನು ಬಾಯಿಂದ ಕಚ್ಚಿ ಹಿಡಿದು ಸಾಲಾಗಿ ನಿದ್ದೆ ಮಾಡುತ್ತವೆ. ಮೊದಲ ಸಲ ಅದನ್ನು ನೋಡಿದ ದಿನ ನಾನು ಕತ್ತಲಾಗುವವರೆಗೂ ಅಲ್ಲೇ ಕೂತಿದ್ದೆ.

ಇವುಗಳಲ್ಲಿ ಬಹಳಷ್ಟು ನೆಲದಲ್ಲೇ ಬಿಲ ತೋಡುತ್ತವೆ. ಹಾಗಾಗಿ ತೋಟದಲ್ಲಿ ಒಂದು ಮೊಳದಷ್ಟು ಜಾಗವನ್ನು ಬರಿ ಮಣ್ಣಾಗಿ ಬಿಡಿ. ಸಿಮೆಂಟ್ ಬೇಡ, ಹುಲ್ಲು ಬೇಡ, ದಪ್ಪ ತರಗು ಬೇಡ. ಟೊಳ್ಳು ಬಿದಿರಿನ ಸಣ್ಣ ತುಂಡುಗಳ ಒಂದು ಕಟ್ಟನ್ನು ಮಳೆ ಬೀಳದ ಕಡೆ ಗಟ್ಟಿಯಾಗಿ ಕಟ್ಟಿ, ಗಾಳಿಗೆ ತೂಗಾಡಬಾರದು. ಒಳಗಿನ ತೂತು 6ರಿಂದ 10 ಮಿಲಿಮೀಟರ್, ಉದ್ದ ಒಂದು ಗೇಣು, ಒಂದು ತುದಿ ಗಂಟಿನಿಂದ ಮುಚ್ಚಿರಲಿ. ಕುಡಿಯಲು ಒಂದು ತಟ್ಟೆಯಲ್ಲಿ ಕಲ್ಲುಗಳನ್ನು ತುಂಬಿ, ಕಲ್ಲಿನ ತಲೆ ಮುಳುಗದಷ್ಟು ನೀರು ಹಾಕಿ. ವಾರಕ್ಕೆ ಎರಡು ಸಲ ಬದಲಿಸಿದರೆ ಸೊಳ್ಳೆ ಆಗುವುದಿಲ್ಲ. ಒಂದು ಮೂಲೆಯ ಮಣ್ಣನ್ನು ಕೆಸರಾಗಿ ಇಟ್ಟರೆ ಗಂಡು ಚಿಟ್ಟೆಗಳು ಉಪ್ಪಿನಂಶ ಹೀರಲು ಗುಂಪಾಗಿ ಕೂರುತ್ತವೆ.

ಔಷಧಿಯ ಬಗ್ಗೆ ನಾನು ಕಡ್ಡಿ ಮುರಿದಂತೆ ಹೇಳುತ್ತೇನೆ: ಈ ತಿಂಗಳಿಂದ ನಿಲ್ಲಿಸಿ. ಅರ್ಧ ತೋಟಕ್ಕೆ ಹೊಡೆದು ಅರ್ಧ ಬಿಡುತ್ತೇನೆ ಎಂದರೆ ಆಗುವುದಿಲ್ಲ. ಇಮಿಡಾಕ್ಲೋಪ್ರಿಡ್ ತರಹದ ಔಷಧಿಗಳು ಎಲೆಯ ಮೇಲೆ ಮಾತ್ರ ಉಳಿಯುವುದಿಲ್ಲ. ಬೇರಿನಿಂದ ಏರಿ ಇಡೀ ಗಿಡದಲ್ಲಿ ಸೇರುತ್ತವೆ, ಪರಾಗ ಮಕರಂದಕ್ಕೂ ಬರುತ್ತವೆ. ಜೇನಿಗೆ ಆಗುವ ಹಾನಿ ನೋಡಿಯೇ ಯುರೋಪಿಯನ್ ಒಕ್ಕೂಟ 2018ರಲ್ಲಿ ಇದನ್ನೂ ಇದೇ ಗುಂಪಿನ ಇನ್ನೆರಡು ಔಷಧಿಗಳನ್ನೂ ಬಯಲಿನಲ್ಲಿ ಬಳಸದಂತೆ ನಿಷೇಧಿಸಿತು. ಬೇವಿನೆಣ್ಣೆ ಪರವಾಗಿಲ್ಲ ಅಲ್ವಾ ಎಂದು ಕೇಳುತ್ತಾರೆ. ಚಿಟ್ಟೆ ಮರಿ ಇರುವ ಗಿಡಕ್ಕೆ ಅದೂ ಬೇಡ, ಮರಿಯ ಬೆಳವಣಿಗೆ ಕೆಡುತ್ತದೆ. ಗುಲಾಬಿ ಕುಡಿಗೆ ಹೇನು ಮುತ್ತಿದರೆ ನೀರನ್ನು ರಭಸವಾಗಿ ಹಾಯಿಸಿ ಉದುರಿಸಿ, ಅಥವಾ ಆ ಕುಡಿಯನ್ನೇ ಕತ್ತರಿಸಿ. ಔಷಧಿ ನಿಂತ ಕೆಲವು ವಾರಗಳಲ್ಲಿ ಹೇನು ತಿನ್ನುವ ಗುಲಗಂಜಿ ಹುಳಗಳು ಬರತೊಡಗುತ್ತವೆ.

ಹೊಸ ಗಿಡ ತರುವಾಗಲೂ ಇದೇ ಎಚ್ಚರಿಕೆ. ಕೆಲವು ವರ್ಷದ ಹಿಂದೆ ಒಂದು ನರ್ಸರಿಯಿಂದ ಕಿತ್ತಳೆ ಹಳದಿ ಹೂವಿನ ಹಾಲುಗಿಡ ತಂದಿದ್ದೆ, ಎಕ್ಕದ ಬಳಗದ್ದು. ಎಲೆಯಲ್ಲಿ ಒಂದು ತೂತೂ ಇರಲಿಲ್ಲ. ವಾರದೊಳಗೆ ಪ್ಲೇನ್ ಟೈಗರ್ ಮೊಟ್ಟೆ ಇಟ್ಟಿತು, ಮರಿಗಳೂ ಆದವು. ಎರಡು ದಿನ ತಿಂದವು. ಮೂರನೆಯ ದಿನ ಬೆಳಿಗ್ಗೆ ಎಲ್ಲವೂ ಕಪ್ಪಾಗಿ ಕೆಳಗೆ ಬಿದ್ದಿದ್ದವು. ಗಿಡಕ್ಕೆ ಔಷಧಿ ಹಾಕಿದ್ದರೆಂದು ವಿಚಾರಿಸಿದ ಮೇಲೆ ಗೊತ್ತಾಯಿತು. ಅಂದಿನಿಂದ ಎಲೆ ಸ್ವಲ್ಪ ಕಡಿದ ಗಿಡವನ್ನೇ ಹುಡುಕಿ ತರುತ್ತೇನೆ. ಸಾಧ್ಯವಾದಷ್ಟು ಬೀಜದಿಂದ, ಇಲ್ಲವೇ ಪರಿಚಯದವರ ಮನೆಯ ಕಡ್ಡಿಯಿಂದ ಬೆಳೆಸುವುದು ಎಲ್ಲಕ್ಕಿಂತ ಒಳ್ಳೆಯದು.

ಲಂಟಾನ ಹಾಕಿ, ಚಿಟ್ಟೆ ಮುತ್ತುತ್ತವೆ ಎಂದು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಮುತ್ತುವುದು ನಿಜ. ಆದರೂ ಹಾಕಬೇಡಿ. ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಎಲ್ಲೆಲ್ಲೋ ಹಾಕುತ್ತವೆ. ಅದು ಹಬ್ಬಿದ ಕಡೆ ಬೇರೆ ಗಿಡ ಏಳುವುದಿಲ್ಲ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ನಿಮ್ಮ ತೋಟಕ್ಕೆ ನಾಲ್ಕು ಚಿಟ್ಟೆ ಬರಲಿ ಎಂದು ಹೊರಗೆ ನೂರು ಚಿಟ್ಟೆಗಳ ಎಲೆಯನ್ನು ಇಲ್ಲವಾಗಿಸುವುದು ಸರಿಯಲ್ಲ.

ಈಗ ಮಗಳ ವಿಷಯ. ಹೂವಿನ ಮೇಲೆ ಕೆಲಸದಲ್ಲಿರುವ ಜೇನು ತಾನಾಗಿ ಬಂದು ಕಚ್ಚುವುದು ತೀರಾ ಕಡಿಮೆ. ಕೈಯಲ್ಲಿ ಹಿಡಿದರೆ, ಕಾಲಡಿ ಸಿಕ್ಕರೆ, ಗೂಡಿಗೆ ತೊಂದರೆ ಕೊಟ್ಟರೆ ಕಚ್ಚುತ್ತದೆ. ತೋಟದಲ್ಲಿ ಚಪ್ಪಲಿ ಹಾಕಿಕೊಂಡು ಓಡಾಡಲಿ. ನೋಡಬಹುದು, ಮುಟ್ಟಬಾರದು, ಕೈ ಬೀಸಬಾರದು ಎಂದು ಹೇಳಿಕೊಡಿ. ಒಂಟಿ ಜೇನುಗಳಿಗೆ ಕಾಯಲು ದೊಡ್ಡ ಗೂಡೇ ಇಲ್ಲ, ಅವು ಇನ್ನೂ ಸಾಧು. ಅಕಸ್ಮಾತ್ ಕಚ್ಚಿದರೆ ಮುಳ್ಳನ್ನು ತಡ ಮಾಡದೆ ತೆಗೆಯಿರಿ, ತಣ್ಣೀರಿನ ಬಟ್ಟೆ ಒತ್ತಿ. ಮುಖ, ತುಟಿ ಊದಿಕೊಂಡರೆ ಅಥವಾ ಉಸಿರಾಟಕ್ಕೆ ಕಷ್ಟವಾದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಿ. ಹೆಜ್ಜೇನು ಹತ್ತಿರದಲ್ಲಿ ಗೂಡು ಕಟ್ಟಿದ್ದರೆ ಹೊಗೆ ಹಾಕುವ, ಕಲ್ಲು ಹೊಡೆಯುವ ಕೆಲಸಕ್ಕೆ ಯಾರನ್ನೂ ಬಿಡಬೇಡಿ. ಮೈತುಂಬ ರೋಮ ಇರುವ ಕಂಬಳಿ ಹುಳವನ್ನು ಮಾತ್ರ ಅವಳು ಮುಟ್ಟದಂತೆ ನೋಡಿಕೊಳ್ಳಿ. ಅವು ಹೆಚ್ಚಾಗಿ ಪತಂಗದ ಮರಿಗಳು, ಮುಟ್ಟಿದರೆ ತುರಿಕೆ. ನಿಂಬೆಯ ಹುಳಕ್ಕೆ ರೋಮವಿಲ್ಲ.

ನಿಂಬೆ ಗಿಡ ಚಿಕ್ಕದಿದ್ದು ಮರಿಗಳು ಜಾಸ್ತಿಯಾದರೆ ಗಿಡ ಬೋಳಾದೀತು ಎಂಬ ಚಿಂತೆ ನಿಮಗೆ ಬಂದೇ ಬರುತ್ತದೆ. ಮೂರು ನಾಲ್ಕನ್ನು ಬಿಟ್ಟು ಉಳಿದವನ್ನು ಎಲೆ ಸಮೇತ ಬೇರೆ ನಿಂಬೆಗೋ ಹೇರಳೆಗೋ ಸಾಗಿಸಿ. ಬೇರೆ ಜಾತಿಯ ಗಿಡಕ್ಕೆ ಹಾಕಿದರೆ ಉಪವಾಸ ಸಾಯುತ್ತವೆ. ಬೇರು ಗಟ್ಟಿ ಇರುವ ಗಿಡ ಮತ್ತೆ ಚಿಗುರುತ್ತದೆ. ತಿಂದು ಮುಗಿಸಿದ ಮರಿ ಒಂದು ದಿನ ಗಿಡದಲ್ಲಿ ಕಾಣಿಸುವುದಿಲ್ಲ. ಆಗ ಹತ್ತಿರದ ಕಡ್ಡಿ, ಗೋಡೆ, ಕುಂಡದ ಅಂಚು ಹುಡುಕಿ. ಸೊಂಟಕ್ಕೆ ರೇಷ್ಮೆ ದಾರದ ಪಟ್ಟಿ ಕಟ್ಟಿಕೊಂಡು ಒರಗಿ ನಿಂತಿರುವ ಕೋಶ ಸಿಗುತ್ತದೆ. ಹಸಿರು ಕಡ್ಡಿಯ ಮೇಲಿದ್ದರೆ ಹಸಿರು, ಒಣ ಕಡ್ಡಿಯ ಮೇಲಿದ್ದರೆ ಕಂದು, ಹೆಚ್ಚಾಗಿ ಹೀಗೆ. ಅದನ್ನು ಅಲ್ಲೇ ಬಿಡಿ, ಆ ಕಡ್ಡಿಯನ್ನು ಕತ್ತರಿಸಬೇಡಿ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಚಿಟ್ಟೆಯವರೆಗೆ ಎಲ್ಲ ಸೇರಿ ಒಂದು ತಿಂಗಳು. ಕೋಶದ ಬಣ್ಣ ಕಪ್ಪಾಗಿ, ಒಳಗಿನ ರೆಕ್ಕೆಯ ಹಳದಿ ಚುಕ್ಕೆ ಹೊರಗೆ ಕಾಣತೊಡಗಿದರೆ ಮಾರನೆಯ ದಿನ ಬೆಳಿಗ್ಗೆ ಮಗಳನ್ನು ಬೇಗ ಎಬ್ಬಿಸಿ. ಹೊರಬಂದಾಗ ರೆಕ್ಕೆ ಒದ್ದೆ ಬಟ್ಟೆಯಂತೆ ಮುದುಡಿರುತ್ತದೆ. ಪಾಪ ಎಂದು ಬಿಡಿಸಲು ಹೋಗಬೇಡಿ, ಮುಟ್ಟಿದರೆ ರೆಕ್ಕೆ ಸೊಟ್ಟವಾಗುತ್ತದೆ. ತಲೆ ಮೇಲಾಗಿ ನೇತಾಡಿಕೊಂಡು ಅದೇ ಬಿಡಿಸಿಕೊಳ್ಳುತ್ತದೆ, ಒಂದೆರಡು ಗಂಟೆ ಒಣಗಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ಇಬ್ಬರೂ ಎರಡು ಅಡಿ ದೂರದಲ್ಲಿ ಕೂತು ನೋಡಿ.